ಬಾಲ್ಸಾ ಶೀಟಿಂಗ್ ಕೈಕೊಟ್ಟಾಗ: ರೆಕ್ಕೆಯ ದೋಷ ಎಲ್ಲಿದೆ ಎಂದು ಕಂಡುಹಿಡಿಯುವುದು

ಮಾದರಿ ವಿಮಾನದ ರೆಕ್ಕೆಗೆ ಹೊದಿಕೆಯಾಗಿ (ಅದೇ ಶೀಟಿಂಗ್) ಅಂಟಿಸಿದ ಬಾಲ್ಸಾ ಎಂಬ ಹಗುರ ಮರದ ತೆಳು ಹಾಳೆ ಒಂದು ಕಡೆ ಎದ್ದುಕೊಂಡಿದೆ. ಅಥವಾ ರಿಬ್‌ಗಳ (ರೆಕ್ಕೆಗೆ ಆಕಾರ ಕೊಡುವ ಅಡ್ಡ ಪಟ್ಟಿಗಳ) ನಡುವೆ ತಗ್ಗು ಬಿದ್ದಿದೆ. ಇಲ್ಲವೇ ರೆಕ್ಕೆ ಕಟ್ಟುವ ಬೋರ್ಡಿನಿಂದ ಬಿಡಿಸಿ ಎತ್ತಿದರೆ ರೆಕ್ಕೆಯೇ ತಿರುಚಿಕೊಂಡಿದೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರ ಕೈ ತಾನಾಗಿ ಹೋಗುವುದು ತೆಳು ಸಿಎ (ಸಯನೋಅಕ್ರಿಲೇಟ್, ಕ್ಷಣದಲ್ಲಿ ಹಿಡಿಯುವ) ಅಂಟಿನ ಬಾಟಲಿಯ ಕಡೆಗೆ. ದಯವಿಟ್ಟು ಅದನ್ನು ಆಚೆ ಇಡಿ. ಎದ್ದ ಜಾಗಕ್ಕೆ ಹೊಸ ಅಂಟು ಬಿಟ್ಟರೆ ಹಳೆಯ ಅಂಟು ಯಾಕೆ ಹಿಡಿಯಲಿಲ್ಲ ಎಂಬ ಸುಳಿವು ಅಳಿಸಿಹೋಗುತ್ತದೆ. ಅದೇ ಕಾರಣ ರೆಕ್ಕೆಯ ಬೇರೆ ಕಡೆಯೂ ಇದ್ದರೆ ಅದು ಕಾಣದಂತೆ ಉಳಿದು, ಹಾರಾಟದಲ್ಲಿ ಹೊರಬೀಳುತ್ತದೆ.

ಶೀಟಿಂಗ್ ಕೆಟ್ಟಾಗ ಎಲ್ಲರೂ ದೂರುವುದು ಅಂಟನ್ನು. ಅಂಟೇ ಕೆಟ್ಟಿರುವುದು ಅಪರೂಪ ಎಂಬುದು ನನ್ನ ಖಚಿತ ಅಭಿಪ್ರಾಯ. ಅಂಟು ಗಟ್ಟಿಯಾಗುವ ಹೊತ್ತಿನಲ್ಲಿ ರೆಕ್ಕೆ ಯಾವುದರ ಮೇಲೆ ಕೂತಿತ್ತು, ಹಾಳೆಯ ಮೇಲೆ ಎಲ್ಲೆಲ್ಲಿ ಭಾರ ಬಿದ್ದಿತ್ತು, ಮರದ ಒಂದು ಮುಖ ಎಷ್ಟು ಒದ್ದೆಯಾಗಿತ್ತು ಎಂಬಲ್ಲೇ ಕಾರಣ ಸಿಗುತ್ತದೆ. ಅದನ್ನು ಊಹಿಸಬೇಕಾಗಿಯೂ ಇಲ್ಲ. ಹಾಳೆ ಬಿಟ್ಟುಕೊಂಡ ಜಾಗದ ಎರಡೂ ಮುಖಗಳನ್ನು ಬೆಳಕಿಗೆ ಹಿಡಿದು ನೋಡಿದರೆ ಅಲ್ಲೇ ಬರೆದಿರುತ್ತದೆ.

ದೋಷ ಯಾವಾಗ ಕಾಣಿಸಿತು?

ಎಲ್ಲಕ್ಕಿಂತ ಮೊದಲು ಈ ಪ್ರಶ್ನೆ. ಭಾರ ತೆಗೆದ ಕೂಡಲೇ ಹಾಳೆಯ ಅಂಚು ಮೇಲೆದ್ದರೆ ಒತ್ತಡ ಸಾಲದೆ ಹೋಗಿದೆ, ಇಲ್ಲವೇ ಹಾಳೆಯನ್ನು ಕೂರಿಸುವ ಮೊದಲೇ ಅಂಟಿನ ಮೇಲ್ಪದರ ಒಣಗಿದೆ. ಎತ್ತಿದಾಗ ಸರಿಯಿದ್ದು ಒಂದೆರಡು ದಿನದಲ್ಲಿ ಸೊಟ್ಟಗಾದರೆ ಅದು ನೀರಿನ ಕೆಲಸ: ಅಂಟಿನ ತೇವ ಮರದಿಂದ ನಿಧಾನವಾಗಿ ಹೊರಹೋಗುತ್ತಾ ಹಾಳೆಯನ್ನು ಎಳೆದಿದೆ. ಸ್ಯಾಂಡ್ ಪೇಪರ್ ಉಜ್ಜಿದ ಮೇಲೆ ಏಣು, ಗೆರೆ ಕಂಡರೆ ಗಡಸು ಅಂಟು ಮತ್ತು ಮೆದು ಮರದ ನಡುವಿನ ವ್ಯತ್ಯಾಸ. ಫಿಲ್ಮ್ (ಬಿಸಿಗೆ ಅಂಟುವ ತೆಳು ಪ್ಲಾಸ್ಟಿಕ್ ಹೊದಿಕೆ) ಹೊದಿಸಲು ಇಸ್ತ್ರಿ ಆಡಿಸಿದಾಗ ಗುಳ್ಳೆ ಎದ್ದರೆ ಶಾಖ. ಬಿಸಿಲಿನಲ್ಲಿ ನಿಲ್ಲಿಸಿದ ಮೇಲೆ ಎದ್ದರೂ ಶಾಖವೇ, ಆದರೆ ಅದು ಬೇರೆ ಬಗೆಯದು. ಕೋಣೆಯ ತಾಪದಲ್ಲಿ ಗಟ್ಟಿಯಾಗುವ ಹಲವು ಎಪಾಕ್ಸಿಗಳು (ಎರಡು ಭಾಗ ಕಲಸಿ ಹಚ್ಚುವ ಅಂಟುಗಳು) 50-60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮೆತ್ತಗಾಗತೊಡಗುತ್ತವೆ. ಕಪ್ಪು ಅಥವಾ ಗಾಢ ನೀಲಿ ಫಿಲ್ಮ್ ಹೊದ್ದ ರೆಕ್ಕೆ ಸುಡುಬಿಸಿಲಿನಲ್ಲಿ ಆ ಮಟ್ಟ ಮುಟ್ಟುವುದು ಕಷ್ಟವೇನಲ್ಲ.

ಈ ಒಂದು ಪ್ರಶ್ನೆಯಿಂದಲೇ ಅರ್ಧ ದಾರಿ ಸವೆದಂತೆ. ಇನ್ನರ್ಧಕ್ಕೆ ದೊಡ್ಡ ಸಲಕರಣೆ ಬೇಡ. ಒಂದು ಟಾರ್ಚ್, ಸಮತಟ್ಟಾದ ಬೋರ್ಡು, ನೇರ ಪಟ್ಟಿ, ಮೆದು ಪೆನ್ಸಿಲ್, ಗ್ರಾಂ ತೋರಿಸುವ ತಕ್ಕಡಿ ಸಾಕು. ಬಾಲ್ ಪೆನ್ ಬೇಡ: ಅದರ ತುದಿ ಬಾಲ್ಸಾವನ್ನು ಕೊರೆಯುತ್ತದೆ, ಶಾಯಿ ತಿಳಿಬಣ್ಣದ ಫಿಲ್ಮ್‌ನಡಿ ಇಣುಕುತ್ತದೆ.

ಕೋಣೆಯ ದೀಪ ಆರಿಸಿ, ಟಾರ್ಚನ್ನು ಮೇಲ್ಮೈಗೆ ಬಹುತೇಕ ತಾಗುವಂತೆ ಓರೆಯಾಗಿ ಹಿಡಿಯಿರಿ. ಉಬ್ಬುತಗ್ಗುಗಳ ನೆರಳು ಉದ್ದಕ್ಕೆ ಬೀಳುತ್ತದೆ, ಕಣ್ಣಿಗೆ ಜಾರಿಹೋಗಿದ್ದ ಅಲೆಗಳೆಲ್ಲ ಕಾಣುತ್ತವೆ. ಬಳಿಕ ಉಗುರಿನಿಂದ ತಟ್ಟುತ್ತಾ ಹೋಗಿ. ಅಂಟಿದ ಕಡೆ ಸದ್ದು ಚಿಕ್ಕದು, ಒಣದು. ಬಿಟ್ಟ ಕಡೆ ಪೊಳ್ಳು. ರಿಬ್ ಇರುವ ರೆಕ್ಕೆಯಲ್ಲಿ ರಿಬ್‌ಗಳ ನಡುವೆ ಹೇಗೂ ಪೊಳ್ಳು ಸದ್ದೇ ಬರುವುದರಿಂದ ರಿಬ್‌ನ ನೇರದಲ್ಲೇ ತಟ್ಟಬೇಕು. ಪೊಳ್ಳು ಜಾಗದ ಸುತ್ತ ಪೆನ್ಸಿಲ್‌ನಲ್ಲಿ ಗೆರೆ ಹಾಕಿ, ಮರುದಿನ ಮತ್ತೆ ತಟ್ಟಿ. ಗೆರೆ ದಾಟಿ ಹರಡಿದ್ದರೆ ಒಳಗೆ ಏನೋ ಇನ್ನೂ ನಡೆಯುತ್ತಿದೆ ಎಂದರ್ಥ. ರಿಬ್ ಬದಲು ಒಳಗೆ ಫೋಮಿನ ತಿರುಳಿರುವ ರೆಕ್ಕೆ (ಫೋಮ್ ಕೋರ್) ಆದರೆ ಅಂಟಿನ ದ್ರಾವಕ ಒಳಗೊಳಗೇ ಫೋಮ್ ತಿನ್ನುತ್ತಿರಬಹುದು.

ಬಿಟ್ಟ ಮುಖವನ್ನು ಓದುವುದು

ಪೊಳ್ಳು ಜಾಗ ಸಿಕ್ಕ ಮೇಲೆ ಮರದ ಎಳೆಯ ಉದ್ದಕ್ಕೆ ಹರಿತವಾದ ಬ್ಲೇಡಿನಿಂದ ಸೀಳು ಹಾಕಿ, ಹಾಳೆಯನ್ನು ಮೆಲ್ಲಗೆ ಎತ್ತಿ ಒಳಗೆ ನೋಡಿ. ಎಳೆಗೆ ಅಡ್ಡವಾಗಿ ಕೊಯ್ಯಬೇಡಿ. ಎಳೆಗುಂಟ ಹಾಕಿದ ಸೀಳು ಮತ್ತೆ ಅಂಟಿಸಿದಾಗ ಮುಚ್ಚಿಹೋಗುತ್ತದೆ; ಅಡ್ಡ ಕೊಯ್ದರೆ ಹಾಳೆಯ ಬಲವೇ ಅಲ್ಲಿ ತುಂಡಾಗುತ್ತದೆ.

ಎರಡೂ ಮುಖದಲ್ಲಿ ಮರದ ನಾರು ಹರಿದು ಅಂಟಿಕೊಂಡಿದ್ದರೆ, ಅಥವಾ ಹಾಳೆಯ ತುಂಬ ಫೋಮಿನ ಕಾಳು ಕಿತ್ತುಬಂದಿದ್ದರೆ, ಅಂಟು ತನ್ನ ಕೆಲಸ ಪೂರ್ತಿ ಮಾಡಿದೆ. ಸೋತಿದ್ದು ಮರ ಅಥವಾ ಫೋಮ್. ಅಂದರೆ ಹಾಳೆಯಲ್ಲಿ ಬಾಗಿನ ಬಿಗಿ ಉಳಿದಿತ್ತು, ಅಂಟು ಹಿಡಿದ ಮೇಲೂ ಅದು ಎಳೆಯುತ್ತಲೇ ಇತ್ತು. ಅಂಟು ಬದಲಿಸಿದರೆ ಇಲ್ಲಿ ಏನೂ ಲಾಭವಿಲ್ಲ. ಹಾಳೆಗೆ ಮೊದಲೇ ಬಾಗು ಕೊಡಬೇಕಿತ್ತು.

ಕಾಳುಗಳ ಬದಲು ಅಂಟಿನ ಮೇಲೆ ಬಿಳಿ ಹುಡಿ ಮಾತ್ರ ಕೂತಿದ್ದರೆ ಅದು ಧೂಳು. ಬಿಸಿ ತಂತಿಯಿಂದ ಕತ್ತರಿಸಿದ ಫೋಮಿನ ಮೈಮೇಲೆ ಕೂದಲಿನಂಥ ಎಳೆಗಳು ಉಳಿಯುತ್ತವೆ. ಅದನ್ನು ಹಗುರವಾಗಿ ಉಜ್ಜಿ ನಯ ಮಾಡಿದ ಮೇಲೆ ಪುಡಿ ಉಳಿಯುತ್ತದೆ. ಆ ಪುಡಿಯನ್ನು ಮೆದು ಬ್ರಷ್‌ನಿಂದಲೋ ವ್ಯಾಕ್ಯೂಮಿನಿಂದಲೋ ತೆಗೆಯದಿದ್ದರೆ ಅಂಟು ಪುಡಿಗೆ ಅಂಟುತ್ತದೆ, ಫೋಮಿಗಲ್ಲ.

ಅಂಟು ಕನ್ನಡಿಯ ಹಾಗೆ ಹೊಳೆಯುತ್ತಿದೆ, ಎದುರಿನ ಮುಖದ ಅಚ್ಚು ಅದರ ಮೇಲೆ ಎಲ್ಲೂ ಬಿದ್ದಿಲ್ಲ ಎಂದರೆ ಎರಡು ಮುಖಗಳು ಅಲ್ಲಿ ಒಂದನ್ನೊಂದು ಮುಟ್ಟಿಯೇ ಇಲ್ಲ. ಕೆಳಗೆ ತಗ್ಗಿತ್ತು, ಅಥವಾ ಮೇಲೆ ಭಾರವಿರಲಿಲ್ಲ. ಹೊಳಪಿನ ಮೇಲೆ ಎದುರು ಮುಖದ ಅಚ್ಚು ಬಿದ್ದಿದೆ, ಆದರೆ ನಾರಾಗಲಿ ಕಾಳಾಗಲಿ ಕಿತ್ತು ಬಂದಿಲ್ಲ ಎಂದರೆ ಕಥೆ ಬೇರೆ: ಮುಟ್ಟಿದೆ, ಹಿಡಿದಿಲ್ಲ. ಹಾಳೆ ಕೂರಿಸುವಷ್ಟರಲ್ಲಿ ಅಂಟಿನ ಮೇಲೆ ಪೊರೆ ಕಟ್ಟಿತ್ತು. ಉದ್ದ ರೆಕ್ಕೆಗೆ ಐದು ನಿಮಿಷದ ಎಪಾಕ್ಸಿ ಬಳಸಿದವರು ಕಾಣುವುದು ಬಹುಪಾಲು ಇದನ್ನೇ. ಬುಡದಿಂದ ಹಚ್ಚುತ್ತಾ ತುದಿಗೆ ಹೋಗುವಷ್ಟರಲ್ಲಿ ಬುಡದ ಅಂಟು ಕಟ್ಟತೊಡಗಿರುತ್ತದೆ. ಶೀಟಿಂಗ್‌ನಂಥ ಅಗಲ ಕೆಲಸಕ್ಕೆ ಐದು ನಿಮಿಷದ ಎಪಾಕ್ಸಿಯನ್ನು ನಾನು ಯಾರಿಗೂ ಹೇಳುವುದಿಲ್ಲ. ನಿಧಾನವಾಗಿ, ಒಂದು ದಿನ ತೆಗೆದುಕೊಂಡು ಗಟ್ಟಿಯಾಗುವ ತೆಳು ಎಪಾಕ್ಸಿಯೇ ಸರಿ. ಮೇಣದ ಕಾಗದದ ಮೇಲಿಟ್ಟು ಜೋಡಿಸಿದ ಹಾಳೆಯ ಅದೇ ಮುಖಕ್ಕೆ ಮೇಣ ಹತ್ತಿದ್ದರೂ ಇಂಥದೇ ಹೊಳಪು ಸಿಗುತ್ತದೆ. ಅಂಟಿಸುವ ಮುಖವನ್ನು ಒಮ್ಮೆ ಹಗುರವಾಗಿ ಉಜ್ಜಿಕೊಂಡರೆ ಈ ಅನುಮಾನವೇ ಇರುವುದಿಲ್ಲ.

ಮುಖ ಮಂಕಾಗಿ, ಒಣಗಿ, ಅಂಟು ಹಚ್ಚಿಯೇ ಇಲ್ಲವೇನೋ ಎಂಬಂತಿದ್ದರೆ ಬಾಲ್ಸಾ ಅಂಟನ್ನು ಕುಡಿದುಬಿಟ್ಟಿದೆ. ರಿಬ್‌ನ ಅಂಚಿನಲ್ಲಿ, ಅದರಲ್ಲೂ ಮರದ ಎಳೆಯ ಕಡಿದ ತುದಿ ಹೊರಮುಖವಾಗಿರುವ ಕಡೆ, ತೆಳು ಅಂಟು ಒಳಕ್ಕೆ ಇಳಿದು ಜೋಡು ಬರಿದಾಗುತ್ತದೆ. ಅಲ್ಲಿಗೆ ಮೊದಲು ಒಂದು ತೆಳು ಲೇಪ ಹಚ್ಚಿ, ಅದು ಹೀರಿಕೊಂಡ ಮೇಲೆ ಇನ್ನೊಂದು ಲೇಪ ಹಚ್ಚಿ ಹಾಳೆ ಕೂರಿಸಬೇಕು.

ಕೊನೆಯದು, ಅಂಟು ಇನ್ನೂ ಜಿಗುಟಾಗಿರುವುದು. ಎಪಾಕ್ಸಿಯಾದರೆ ಅಳತೆ ತಪ್ಪಿದೆ ಅಥವಾ ಬಟ್ಟಲಿನ ಮೂಲೆಯಲ್ಲಿ ಕಲಸದೆ ಉಳಿದದ್ದು ಅಲ್ಲಿಗೆ ಬಂದಿದೆ. ಅದು ಎಷ್ಟು ದಿನ ಕಾದರೂ ಗಟ್ಟಿಯಾಗುವುದಿಲ್ಲ, ಕೆರೆದು ತೆಗೆಯಬೇಕು. ಎರಡೂ ಮುಖಕ್ಕೆ ಹಚ್ಚಿ, ಆರಿದ ಮೇಲೆ ಸೇರಿಸುವ ಕಾಂಟ್ಯಾಕ್ಟ್ ಅಂಟಾದರೆ ದ್ರಾವಕ ಆರುವ ಮೊದಲೇ ಎರಡು ಮುಖ ಸೇರಿಸಲಾಗಿದೆ. ಬಿಳಿ ಅಥವಾ ಹಳದಿ ಮರದ ಅಂಟನ್ನು ಫೋಮ್ ಕೋರಿಗೆ ಬಳಸಿದ್ದರೆ ನೀರು ಸಿಕ್ಕಿಬಿದ್ದಿದೆ: ಫೋಮ್ ನೀರನ್ನು ಹೊರಬಿಡುವುದಿಲ್ಲ, ತೇವ ಹೋಗಬೇಕಾದರೆ ಬಾಲ್ಸಾದ ಮೂಲಕವೇ ಹೋಗಬೇಕು. ಅದರ ಮೇಲೆ ಪ್ಲಾಸ್ಟಿಕ್ ಹಾಳೆಯನ್ನೂ ಹೊದಿಸಿ ಭಾರವಿಟ್ಟಿದ್ದರೆ ಆ ದಾರಿಯೂ ಮುಚ್ಚಿತು. ಅಂಚುಗಳು ಒಣಗಿ, ನಡುವೆ ವಾರದ ನಂತರವೂ ಹಸಿಯಾಗಿರುವುದು ಹೀಗೆ.

ರೆಕ್ಕೆ ತಿರುಚಿಕೊಂಡಿದ್ದರೆ

ಗುಳ್ಳೆ, ತಗ್ಗುಗಳು ನೋಟ ಕೆಡಿಸುತ್ತವೆ. ತಿರುಚು ವಿಮಾನವನ್ನೇ ಕೆಡಹುತ್ತದೆ. ಆದ್ದರಿಂದ ಬೇರೆ ಯಾವ ದೋಷ ಕಂಡರೂ ಮೊದಲು ಇದನ್ನು ಅಳೆಯಿರಿ.

ರೆಕ್ಕೆಯನ್ನು ಹಿಂದಿನಿಂದ, ಕಣ್ಣಿನ ಮಟ್ಟಕ್ಕೆ ಹಿಡಿದು ಟ್ರೇಲಿಂಗ್ ಎಡ್ಜ್ (ರೆಕ್ಕೆಯ ಹಿಂದಿನ ಅಂಚು) ಮತ್ತು ಸ್ಪಾರ್ (ಬುಡದಿಂದ ತುದಿಗೆ ಓಡುವ ತೊಲೆ) ಗೆರೆ ಒಂದಕ್ಕೊಂದು ಸಮಾನಾಂತರವಾಗಿವೆಯೇ ನೋಡಿ. ಬಳಿಕ ಬೋರ್ಡಿನ ಮೇಲಿಟ್ಟು ತುದಿಯ ಹಿಂಬದಿ ಎಷ್ಟು ಎದ್ದಿದೆ ಎಂದು ಅಳೆಯಿರಿ. ಆ ಜಾಗದಲ್ಲಿ ರೆಕ್ಕೆಯ ಅಗಲ 250 ಮಿ.ಮೀ. ಇದ್ದರೆ 1 ಡಿಗ್ರಿ ಎಂದರೆ ಸುಮಾರು 4.4 ಮಿ.ಮೀ. ತುದಿಯ ಹಿಂಬದಿ ಎರಡೂ ಕಡೆ ಸಮನಾಗಿ 4 ಮಿ.ಮೀ. ಎದ್ದಿದ್ದರೆ ಚಿಂತೆ ಬೇಡ. ಅದು ವಾಶ್‌ಔಟ್, ತುದಿಗಿಂತ ಬುಡ ಮೊದಲು ಸ್ಟಾಲ್ ಆಗುವಂತೆ (ಎತ್ತುವ ಬಲ ಕಳೆದುಕೊಳ್ಳುವಂತೆ) ಮಾಡಿ ವಿಮಾನವನ್ನು ಸೌಮ್ಯಗೊಳಿಸುತ್ತದೆ. ಬೇಕೆಂದೇ ಹಾಗೆ ಕಟ್ಟುವವರಿದ್ದಾರೆ. ಒಂದು ಕಡೆ ಎದ್ದು ಇನ್ನೊಂದು ಕಡೆ ಇಳಿದಿದ್ದರೆ ಮಾತ್ರ ಹಾರಿಸಬೇಡಿ. ವೇಗದಲ್ಲಿ ಅದನ್ನು ಏಲೆರಾನ್ (ರೆಕ್ಕೆಯ ಹಿಂಬದಿಯ ಚಲಿಸುವ ಪಟ್ಟಿ) ಟ್ರಿಮ್‌ನಿಂದ ಸರಿದೂಗಿಸಿದಂತೆ ಕಂಡರೂ, ಇಳಿಯುವಾಗ ವೇಗ ಕಡಿಮೆಯಾದ ಕೂಡಲೇ ಹಿಂಬದಿ ಇಳಿದ ತುದಿ ಮೊದಲು ಸ್ಟಾಲ್ ಆಗಿ ಆ ಕಡೆ ವಿಮಾನ ಮಗುಚುತ್ತದೆ. ನೆಲ ಹತ್ತಿರವಿರುವಾಗಲೇ ಇದು ಆಗುವುದು.

ಶೀಟಿಂಗ್ ತಿರುಚನ್ನು ಹೇಗೆ ಹಿಡಿದಿಡುತ್ತದೆ ಎಂದು ತಿಳಿದರೆ ಕಾರಣ ಹುಡುಕುವುದು ಸುಲಭ. ಒಂದು ಕಾಗದದ ಕೊಳವೆಯನ್ನು ಉದ್ದಕ್ಕೆ ಸೀಳಿ ತಿರುಚಿ ನೋಡಿ, ಸಲೀಸಾಗಿ ತಿರುಗುತ್ತದೆ. ಸೀಳನ್ನು ಟೇಪಿನಿಂದ ಮುಚ್ಚಿ ಮತ್ತೆ ತಿರುಚಿ, ಜಪ್ಪಯ್ಯ ಎಂದರೂ ಜಗ್ಗುವುದಿಲ್ಲ. ರೆಕ್ಕೆಯ ಮುಂಭಾಗದಲ್ಲಿ ಮೇಲಿನ ಹಾಳೆ, ಕೆಳಗಿನ ಹಾಳೆ, ಸ್ಪಾರ್‌ನ ಶಿಯರ್ ವೆಬ್ (ಮೇಲು-ಕೆಳಗಿನ ಸ್ಪಾರ್ ಪಟ್ಟಿಗಳ ನಡುವಿನ ನಿಲುವು ಗೋಡೆ) ಈ ಮೂರೂ ಸೇರಿದಾಗ ಅಂಥ ಮುಚ್ಚಿದ ಕೊಳವೆ ಆಗುತ್ತದೆ, ಅದೇ ಡಿ-ಬಾಕ್ಸ್. ಕೊನೆಯ ಹಾಳೆಯ ಅಂಟು ಗಟ್ಟಿಯಾಗುವ ಗಳಿಗೆಯಲ್ಲಿ ರೆಕ್ಕೆ ಯಾವ ಭಂಗಿಯಲ್ಲಿತ್ತೋ ಆ ಭಂಗಿ ಶಾಶ್ವತ.

ಹಾಗಾಗಿ ಕೇಳಿಕೊಳ್ಳಬೇಕಾದ್ದು ಇಷ್ಟೇ: ಕೊಳವೆ ಮುಚ್ಚಿದಾಗ ರೆಕ್ಕೆ ಬೋರ್ಡಿಗೆ ಬಿಗಿಯಾಗಿತ್ತೇ? ಮೇಲಿನ ಹಾಳೆ ಹಾಕಿ, ಅದು ಅರ್ಧ ಕಟ್ಟಿದ್ದಾಗ ಎತ್ತಿ ತಿರುಗಿಸಿ ಕೆಳಗಿನದನ್ನು ಹಾಕಿದ್ದೀರಾ? ಬೋರ್ಡೇ ಸೊಟ್ಟಗಿದೆಯೇ? ಮೂಲೆಯಿಂದ ಮೂಲೆಗೆ ನೇರ ಪಟ್ಟಿ ಇಟ್ಟು ಎರಡೂ ಕರ್ಣಗಳನ್ನು ನೋಡಿ. ಬರೀ ಉದ್ದಕ್ಕೆ ಇಟ್ಟು ನೋಡಿದರೆ ಬೋರ್ಡಿನ ತಿರುಚು ಗೊತ್ತಾಗುವುದಿಲ್ಲ. ಫೋಮ್ ಕೋರ್ ಆದರೆ, ಅದನ್ನು ಕತ್ತರಿಸಿದಾಗ ಉಳಿದ ಮೇಲು-ಕೆಳಗಿನ ಫೋಮ್ ಹಾಸಿಗೆಗಳ ನಡುವೆಯೇ ಇಟ್ಟು ಒತ್ತಿದ್ದೀರಾ, ಕೋರನ್ನು ಹಿಂದುಮುಂದಾಗಿ ಇಟ್ಟಿಲ್ಲ ತಾನೇ, ಹಾಸಿಗೆಯ ಕೆಳಗೆ ಒಣಗಿದ ಅಂಟಿನ ಹನಿಯೋ ಫೋಮಿನ ಚೂರೋ ಸಿಕ್ಕಿತ್ತೇ ಎಂದು ನೋಡಿ. ಒಂದು ಮೂಲೆಯಡಿ 3 ಮಿ.ಮೀ. ಚೂರು ಸಿಕ್ಕರೂ ಅದು ರೆಕ್ಕೆಯಲ್ಲಿ ಮೂಡುತ್ತದೆ.

ಫೋಮ್ ಕೋರಿನ ಒಂದೇ ಮುಖಕ್ಕೆ ಹಾಳೆ ಹಚ್ಚಿ, ಇನ್ನೊಂದನ್ನು ಮರುದಿನಕ್ಕೆ ಬಿಡುವುದು ಇನ್ನೊಂದು ಸಾಮಾನ್ಯ ಕಾರಣ. ಹಚ್ಚಿದ ಮುಖ ಒಣಗುತ್ತಾ ಕುಗ್ಗಿದರೆ ಅದನ್ನು ತಡೆಯಲು ಎದುರು ಏನೂ ಇರುವುದಿಲ್ಲ. ಎರಡೂ ಮುಖ ಒಂದೇ ಸಲಕ್ಕೆ ಆಗಬೇಕು.

ಸರಿಪಡಿಸುವ ಬಗ್ಗೆ ನೇರವಾಗಿ ಹೇಳುತ್ತೇನೆ. ಹಿಂಭಾಗ ತೆರೆದಿರುವ, ಫಿಲ್ಮ್ ಮಾತ್ರ ಹೊದ್ದ ರೆಕ್ಕೆಯನ್ನು ಎದುರು ದಿಕ್ಕಿಗೆ ತಿರುಚಿ ಹಿಡಿದು ಫಿಲ್ಮ್ ಬಿಸಿ ಮಾಡಿದರೆ ಅಲ್ಪಸ್ವಲ್ಪ ಸರಿಹೋಗುತ್ತದೆ. ಪೂರ್ತಿ ಶೀಟಿಂಗ್ ಆದ ರೆಕ್ಕೆಗೆ ಆ ಉಪಾಯ ನಡೆಯುವುದಿಲ್ಲ. ಕೆಳಗಿನ ಹಾಳೆಯನ್ನು ಸ್ಪಾರ್ ಗೆರೆಗುಂಟ ಬುಡದಿಂದ ತುದಿಯವರೆಗೆ ಸೀಳಿ ಕೊಳವೆಯನ್ನು ಬಿಡಿಸಿ, ರೆಕ್ಕೆಯನ್ನು ಬೋರ್ಡಿಗೆ ಬಿಗಿದು, ತೆಳು ಪಟ್ಟಿಗಳಿಂದ ಮಟ್ಟ ಮಾಡಿ, ಸೀಳನ್ನು ನಿಧಾನ ಎಪಾಕ್ಸಿಯಿಂದ ಮುಚ್ಚಬೇಕು. ಮನಸ್ಸಿಗೆ ಕಷ್ಟವಾಗುವ ಕೆಲಸ, ಆದರೆ ಫಲ ಕೊಡುವ ಕೆಲಸ. ಫೋಮ್ ಕೋರ್ ಎಪಾಕ್ಸಿಯಲ್ಲಿ ಸೊಟ್ಟಗೆ ಕಟ್ಟಿದ್ದರೆ ಹೊಸ ಕೋರ್ ಕತ್ತರಿಸುವುದೇ ಬೇಗ ಆಗುತ್ತದೆ.

ರಿಬ್‌ಗಳ ನಡುವೆ ತಗ್ಗು, ಅಂಚು ಏಳುವುದು

ಎರಡಕ್ಕೂ ಬೇರು ಒಂದೇ ಆಗಿರುವುದು ಹೆಚ್ಚು: ನೀರು. ಮರ ಒದ್ದೆಯಾದಾಗ ಎಳೆಯ ಉದ್ದಕ್ಕೆ ಹಿಗ್ಗುವುದು ತೀರಾ ಕಡಿಮೆ, ಅಡ್ಡಕ್ಕೆ ಚೆನ್ನಾಗಿ ಹಿಗ್ಗುತ್ತದೆ. ರೆಕ್ಕೆಯ ಹಾಳೆಯ ಎಳೆ ಸಾಮಾನ್ಯವಾಗಿ ಬುಡದಿಂದ ತುದಿಗೆ ಓಡುವುದರಿಂದ ಹಿಗ್ಗುವುದು ಮುಂದಿನಿಂದ ಹಿಂದಕ್ಕೆ. ಮರದ ಅಂಟನ್ನು ಹಾಳೆಯ ಒಳಮುಖಕ್ಕೆ ಧಾರಾಳವಾಗಿ ಬಳಿದಾಗ ಆ ಮುಖ ಮಾತ್ರ ಹಿಗ್ಗಿ, ಹಾಳೆ ರೆಕ್ಕೆಯ ಬಾಗಿಗೆ ಸರಿಯಾಗಿ ವಿರುದ್ಧ ದಿಕ್ಕಿಗೆ ಸುರುಳಿಯಾಗುತ್ತದೆ. ಲೀಡಿಂಗ್ ಎಡ್ಜ್‌ನಲ್ಲಿ (ರೆಕ್ಕೆಯ ಮುಂಬದಿಯಲ್ಲಿ) ಅಂಚು ಏಳುವುದು ಇದರಿಂದಲೇ. ಬಲವಂತವಾಗಿ ಪಿನ್ ಚುಚ್ಚಿ ಕೂರಿಸಿದಿರಿ ಎನ್ನಿ. ಹಿಗ್ಗಿದ ಸ್ಥಿತಿಯಲ್ಲೇ ಅಂಟು ಹಿಡಿಯುತ್ತದೆ, ಆಮೇಲೆ ಹಾಳೆ ಒಣಗಿ ಕುಗ್ಗುತ್ತದೆ. ಮುಂದೆ ಲೀಡಿಂಗ್ ಎಡ್ಜ್, ಹಿಂದೆ ಸ್ಪಾರ್ ಹಿಡಿದಿರುವುದರಿಂದ ಬಿಗಿ ಹೆಚ್ಚಿ, ರಿಬ್ ಇಲ್ಲದ ಕಡೆ ಹಾಳೆ ಬಾಗು ಬಿಟ್ಟು ಒಳಕ್ಕೆ ಎಳೆದುಕೊಳ್ಳುತ್ತದೆ. ಪಕ್ಕೆಲುಬು ಎದ್ದ ಬಡಕಲು ಪ್ರಾಣಿಯಂತೆ ರಿಬ್‌ಗಳು ಕಾಣುವುದು ಆಗ.

ಪರಿಹಾರ ಅಂಟು ಬದಲಿಸುವುದಲ್ಲ, ನೀರನ್ನು ಸಮತೂಗಿಸುವುದು. ಮರದ ಅಂಟನ್ನು ರಿಬ್‌ನ ಅಂಚಿಗೆ ಮಾತ್ರ ತೆಳುವಾಗಿ ಹಚ್ಚಿ, ಹಾಳೆಗೆ ಬಳಿಯಬೇಡಿ. ಹಾಳೆಯ ಹೊರಮುಖಕ್ಕೆ ನೀರು ಸಿಂಪಡಿಸಿದರೆ ಅದು ತಾನಾಗಿ ಬೇಕಾದ ದಿಕ್ಕಿಗೆ ಬಾಗುತ್ತದೆ. ಲೀಡಿಂಗ್ ಎಡ್ಜ್ ತೀರಾ ಮೊನಚಾಗಿದ್ದರೆ ಅಮೋನಿಯಾ ಬೆರೆತ ನೀರು ಮರವನ್ನು ಇನ್ನೂ ಮೆದುಗೊಳಿಸುತ್ತದೆ. ಹೀಗೆ ಬಾಗಿಸಿದ ಹಾಳೆಯನ್ನು ಅಂಟಿಲ್ಲದೆ ರೆಕ್ಕೆಯ ಮೇಲೇ ಕಟ್ಟಿ, ಪೂರ್ತಿ ಒಣಗಲು ಬಿಟ್ಟು, ಆಮೇಲೆ ಬಿಚ್ಚಿ ಅಂಟಿಸಬೇಕು. ಬೆರಳ ತುದಿಯ ಒತ್ತಡದಲ್ಲೇ ಹಾಳೆ ತನ್ನ ಜಾಗಕ್ಕೆ ಕೂತರೆ ಸಿದ್ಧವಾಯಿತು. ಕೈಯಿಂದ ಅದುಮಿ ಹಿಡಿಯಬೇಕು ಎನಿಸಿದರೆ ಇನ್ನೂ ಸಿದ್ಧವಿಲ್ಲ.

ನೀರಿಗೆ ಸಂಬಂಧವಿಲ್ಲದೆ ತಗ್ಗು ಬೀಳುವುದೂ ಉಂಟು. ಉಜ್ಜುವಾಗ ರಿಬ್‌ಗಳ ನಡುವಿನ ಹಾಳೆ ಸ್ಯಾಂಡ್ ಪೇಪರಿನ ಒತ್ತಡಕ್ಕೆ ಒಳಗೆ ಬಗ್ಗಿ ತಪ್ಪಿಸಿಕೊಳ್ಳುತ್ತದೆ, ರಿಬ್‌ನ ಮೇಲಿನದು ಮಾತ್ರ ಸವೆಯುತ್ತದೆ. 1.6 ಮಿ.ಮೀ. ಹಾಳೆ ಅಲ್ಲಿ ಅರ್ಧಕ್ಕಿಳಿದಿರಬಹುದು. ಕತ್ತಲಲ್ಲಿ ರೆಕ್ಕೆಯೊಳಗಿಂದ ಅಥವಾ ತೆರೆದ ಹಿಂಬದಿಯಿಂದ ಟಾರ್ಚ್ ಬಿಟ್ಟರೆ ಸವೆದ ಜಾಗ ಹೊಳೆದು ಕಾಣುತ್ತದೆ. ಬಾಲ್ಸಾ ಅಷ್ಟು ಬೆಳಕು ಬಿಡುತ್ತದೆ. ಉದ್ದನೆಯ, ಗಟ್ಟಿಯಾದ ಪಟ್ಟಿಗೆ ಸ್ಯಾಂಡ್ ಪೇಪರ್ ಅಂಟಿಸಿ, ಭಾರ ಹಾಕದೆ, ಎಳೆಗೆ ಓರೆಯಾಗಿ ಉಜ್ಜಿದರೆ ಇದು ಆಗುವುದಿಲ್ಲ.

ಲೀಡಿಂಗ್ ಎಡ್ಜ್‌ಗುಂಟ ಉದ್ದ ಬಿರುಕು ಬಿಟ್ಟಿದ್ದರೆ ಹಾಳೆಯ ಆಯ್ಕೆ ತಪ್ಪಿದೆ. ಬಾಲ್ಸಾ ಹಾಳೆಯ ಮುಖದಲ್ಲಿ ಉದ್ದುದ್ದ ಗೆರೆಗಳಿದ್ದರೆ ಅದು ಎ-ಗ್ರೇನ್, ಅಡ್ಡಕ್ಕೆ ಸುಲಭವಾಗಿ ಬಾಗುತ್ತದೆ. ಮುಖದ ತುಂಬ ಚುಕ್ಕೆಚುಕ್ಕೆಯಾಗಿ ಮಿನುಗುವುದು ಸಿ-ಗ್ರೇನ್. ಅಡ್ಡಕ್ಕೆ ಗಡಸು, ಬಾಗಿಸಿದರೆ ಸೀಳುತ್ತದೆ. ಸಿ-ಗ್ರೇನ್ ರಿಬ್‌ಗೂ ಟ್ರೇಲಿಂಗ್ ಎಡ್ಜ್‌ಗೂ ಸೊಗಸಾದ ಮರ, ಬಾಗುವ ಜಾಗಕ್ಕೆ ಅಲ್ಲ.

ಜೋಡಿನ ಗೆರೆಗಳು

ಅಗಲಕ್ಕೆ ಎರಡು ಮೂರು ಹಾಳೆ ಜೋಡಿಸಿದ ಕಡೆ ಫಿಲ್ಮ್ ಹೊದಿಸಿದ ಮೇಲೆ ಗೆರೆ ಎದ್ದು ಕಾಣುವುದು ಎರಡು ಕಾರಣಕ್ಕೆ. ಜೋಡಿಗೆ ಸಿಎ ಅಥವಾ ಎಪಾಕ್ಸಿ ಬಳಸಿದ್ದರೆ ಅದು ಬಾಲ್ಸಾಕ್ಕಿಂತ ಬಹಳ ಗಡಸು. ಸುತ್ತಲಿನ ಮರ ಸವೆದು ಅಂಟಿನ ಏಣು ಉಳಿಯುತ್ತದೆ. ಜೋಡಿಗೆ ಹಳದಿ ಮರದ ಅಂಟೇ ಒಳ್ಳೆಯದು. ಎರಡು ಹಾಳೆಯ ಅಂಚು ನೇರ ಮಾಡಿ, ಒಂದು ಮುಖಕ್ಕೆ ಟೇಪ್ ಹಾಕಿ, ಕೀಲಿನಂತೆ ಮಡಚಿ ತೆರೆದು ಅಂಟಿನ ಗೆರೆ ಎಳೆದು, ಮುಚ್ಚಿ, ಉಕ್ಕಿದ್ದನ್ನು ಒರೆಸಿ, ಸಮತಟ್ಟಿನ ಮೇಲೆ ಭಾರವಿಟ್ಟು ಬಿಡಿ. ಈ ಜೋಡಣೆ ರೆಕ್ಕೆಯ ಮೇಲೆ ಅಲ್ಲ, ಮೊದಲೇ ಮೇಜಿನ ಮೇಲೆ ಆಗಬೇಕು.

ಎರಡನೆಯ ಕಾರಣ ಮರದ ಸಾಂದ್ರತೆ. ಒಂದು ಮೆದು ಹಾಳೆ, ಪಕ್ಕದಲ್ಲಿ ಒಂದು ಗಡಸು ಹಾಳೆ ಸೇರಿಸಿದರೆ ಮೆದುವಾದದ್ದು ಬೇಗ ಸವೆದು ಮೆಟ್ಟಿಲಾಗುತ್ತದೆ. ಕೊಂಡ ಹಾಳೆಗಳನ್ನೆಲ್ಲ ತೂಗಿ ಹಿಂದೆ ಬರೆದಿಡುವುದು ಒಳ್ಳೆಯ ಅಭ್ಯಾಸ. 915 × 100 × 1.6 ಮಿ.ಮೀ. ಹಾಳೆ ಘನ ಮೀಟರಿಗೆ 100 ಕೆ.ಜಿ. ಸಾಂದ್ರತೆಯಲ್ಲಿ ಸುಮಾರು 14.6 ಗ್ರಾಂ ತೂಗುತ್ತದೆ, 160 ಕೆ.ಜಿ. ಸಾಂದ್ರತೆಯಲ್ಲಿ 23.4 ಗ್ರಾಂ. ಹತ್ತಿರ ಹತ್ತಿರದ ತೂಕದವನ್ನು ಒಟ್ಟಿಗೆ ಬಳಸಿ, ಎಡ-ಬಲ ರೆಕ್ಕೆಗೆ ಸಮನಾಗಿ ಹಂಚಿ.

ಫೋಮ್ ಕೋರಿನ ಗುಳ್ಳೆಗಳು

ಥರ್ಮಾಕೋಲಿನಂಥ ಪಾಲಿಸ್ಟೈರೀನ್ ಫೋಮನ್ನು ಸಾಮಾನ್ಯ ಸಿಎ ಮತ್ತು ಹೆಚ್ಚಿನ ಕಾಂಟ್ಯಾಕ್ಟ್ ಅಂಟುಗಳ ದ್ರಾವಕ ಕರಗಿಸಿಬಿಡುತ್ತವೆ. ಫೋಮಿಗೆ ಸುರಕ್ಷಿತ ಎಂದು ಬರೆದಿದ್ದರೂ ಕತ್ತರಿಸಿ ಉಳಿದ ತುಂಡಿನ ಮೇಲೆ ಒಂದು ಹನಿ ಹಾಕಿ ರಾತ್ರಿಯಿಡೀ ಬಿಟ್ಟು ನೋಡಿ. ಸೀಳಿ ನೋಡಿದಾಗ ಫೋಮ್ ಗುಳಿ ಬಿದ್ದು, ಅದರ ಗೋಡೆ ಗಾಜಿನಂತೆ ಗಟ್ಟಿಯಾಗಿದ್ದರೆ ಕರಗಿದೆ ಎಂದೇ ಅರ್ಥ. ಅಂಚಿನಲ್ಲಿ ಹಾಳೆ ಎದ್ದದ್ದಕ್ಕೆ ತೆಳು ಸಿಎ ಬಿಟ್ಟ ಕಡೆ ಈ ಗುಳಿ ಸಾಮಾನ್ಯ. ಮೊದಲಲ್ಲೇ ಆ ಬಾಟಲಿ ಆಚೆ ಇಡಿ ಎಂದದ್ದಕ್ಕೆ ಇದೂ ಒಂದು ಕಾರಣ.

ಪಾಲಿಯುರೆಥೇನ್ ಅಂಟು ತೇವದಿಂದ ಗಟ್ಟಿಯಾಗುತ್ತಾ ನೊರೆಯಾಗಿ ಉಬ್ಬುತ್ತದೆ. ತೆಳುವಾಗಿ ಕೆರೆದು ಹಚ್ಚಿ, ಎಲ್ಲೆಡೆ ಸಮನಾಗಿ ಭಾರ ಹೇರಿದರೆ ಅದು ಒಳ್ಳೆಯ ಅಂಟು. ದಪ್ಪ ಹಚ್ಚಿದರೆ ನೊರೆ ಹಾಳೆಯನ್ನೇ ಎತ್ತಿ ಅಲೆ ಮಾಡುತ್ತದೆ. ಬಿಟ್ಟ ಮುಖದಲ್ಲಿ ಬ್ರೆಡ್ಡಿನಂಥ ರಂಧ್ರಗಳು ಕಂಡರೆ ಇದೇ ಕಾರಣ.

ಒತ್ತಡದ ಬಗ್ಗೆ ಒಂದು ಲೆಕ್ಕ. 75 ಸೆಂ.ಮೀ. ಉದ್ದ, 25 ಸೆಂ.ಮೀ. ಅಗಲದ ಅರ್ಧ ರೆಕ್ಕೆಯ ಮೇಲೆ 10 ಕೆ.ಜಿ. ಇಟ್ಟರೆ ಚದರ ಸೆಂಟಿಮೀಟರಿಗೆ ಬೀಳುವುದು ಬರೀ 5 ಗ್ರಾಂ ಚಿಲ್ಲರೆ. ಹಾಗಾಗಿ ನಾಲ್ಕು ಪುಸ್ತಕ ಇಟ್ಟು ಸಾಕೆಂದುಕೊಂಡ ರೆಕ್ಕೆಯಲ್ಲಿ ಹೊಳಪಿನ, ಮುಟ್ಟದ ಜಾಗಗಳು ಸಿಗುವುದು ಆಶ್ಚರ್ಯವಲ್ಲ. ವ್ಯಾಕ್ಯೂಮ್ ಚೀಲದಲ್ಲಿ ವಾತಾವರಣದ ಒತ್ತಡದ ಐದನೇ ಒಂದು ಭಾಗ ಬಳಸಿದರೂ ಚದರ ಸೆಂಟಿಮೀಟರಿಗೆ 200 ಗ್ರಾಂ ಸಿಗುತ್ತದೆ. ಪೂರ್ತಿ ವ್ಯಾಕ್ಯೂಮ್ ಎಳೆದರೆ ಹಗುರ ಫೋಮ್ ನಜ್ಜುಗುಜ್ಜಾಗುತ್ತದೆ, ಅಲ್ಲಿಗೆ ಹೋಗಬೇಡಿ.

ಗುಳ್ಳೆ ಸಣ್ಣದಾದರೆ ಎಳೆಗುಂಟ ಸೀಳಿ, ಸಿರಿಂಜಿನಿಂದ ನಿಧಾನ ಎಪಾಕ್ಸಿಯನ್ನು ಸ್ವಲ್ಪವೇ ಬಿಟ್ಟು, ಮೇಲೆ ಮೇಣದ ಕಾಗದ, ಅದರ ಮೇಲೆ ಬಾಗಿಗೆ ಹೊಂದುವ ಫೋಮ್ ತುಂಡು, ಭಾರ. ಬಿಳಿ ಮರದ ಅಂಟು ಬಳಸಿದ್ದ, ರಿಬ್ ಇರುವ ರೆಕ್ಕೆಯಾದರೆ ಮೊದಲು ಇಸ್ತ್ರಿಯಿಂದ ಬಿಸಿ ಮಾಡಿ ಒತ್ತಿ ನೋಡಿ; ಒಣಗಿದ ಪಿವಿಎ (ಅದೇ ಬಿಳಿ ಅಂಟು) ಶಾಖಕ್ಕೆ ಮೆತ್ತಗಾಗಿ ಮತ್ತೆ ಹಿಡಿಯುತ್ತದೆ. ಫೋಮ್ ಕೋರಿನ ಮೇಲೆ ಇಸ್ತ್ರಿ ನಿಲ್ಲಿಸಬೇಡಿ: ಪಾಲಿಸ್ಟೈರೀನ್ 100 ಡಿಗ್ರಿ ತಲುಪುವ ಮೊದಲೇ ಕುಸಿಯತೊಡಗುತ್ತದೆ. ಗುಳ್ಳೆ ಅಂಗೈಗಿಂತ ದೊಡ್ಡದಿದ್ದರೆ ಆ ಭಾಗವನ್ನೇ ಕೊಯ್ದು ತೆಗೆದು ಹೊಸ ತುಂಡು ಕೂರಿಸಿ. ಕೊಯ್ತದ ಎರಡು ತುದಿಗಳು ಎಳೆಗೆ ಓರೆಯಾಗಿರಲಿ. ನೇರ ಅಡ್ಡ ಕೊಯ್ತ ರೆಕ್ಕೆ ಬಾಗುವಾಗ ಬಿರಿಯುವ ಜಾಗವಾಗುತ್ತದೆ.

ತೂಕ ಹೇಳುವ ದೋಷ

ಕಣ್ಣಿಗೂ ಕಿವಿಗೂ ಏನೂ ಸಿಗದ ದೋಷ ಒಂದಿದೆ: ಅಂಟು ಹೆಚ್ಚಾಗುವುದು. 150 ಸೆಂ.ಮೀ. ಉದ್ದ, 25 ಸೆಂ.ಮೀ. ಅಗಲದ ರೆಕ್ಕೆಯ ಎರಡೂ ಮುಖ ಸೇರಿ 0.75 ಚದರ ಮೀಟರ್. ಅಷ್ಟಕ್ಕೆ 1.6 ಮಿ.ಮೀ. ಹಗುರ ಬಾಲ್ಸಾ ಸುಮಾರು 120 ಗ್ರಾಂ. ಎಪಾಕ್ಸಿ 0.1 ಮಿ.ಮೀ. ದಪ್ಪ ನಿಂತರೆ ಅದೇ 80 ಗ್ರಾಂ ದಾಟುತ್ತದೆ! ಕಾಗದದಷ್ಟು ದಪ್ಪದ ಅಂಟು ಮರದ ಮೂರನೇ ಎರಡು ಪಾಲು ತೂಗುತ್ತದೆ. ಆದ್ದರಿಂದ ಎಪಾಕ್ಸಿಯನ್ನು ಫೋಮಿಗಲ್ಲ, ಹಾಳೆಗೆ ಹಚ್ಚಿ, ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ಕೆರೆದು ತೆಗೆಯಿರಿ. ಎಲ್ಲೂ ನಿಂತ ಹೊಳಪು ಇರಬಾರದು. ಮರ ಒದ್ದೆಯಾದಂತೆ ಮಂಕಾಗಿ ಕಂಡರೆ ಸಾಕು. ಹಚ್ಚುವ ಮೊದಲು, ಹಚ್ಚಿದ ಮೇಲೆ ಹಾಳೆ ತೂಗಿದರೆ ಎಷ್ಟು ಉಳಿಯಿತು ಎಂಬುದು ಗೊತ್ತಾಗುತ್ತದೆ. ಎಡ-ಬಲ ರೆಕ್ಕೆಗಳ ನಡುವೆ ತೂಕದ ವ್ಯತ್ಯಾಸ ಬಂದರೆ ಮೊದಲು ಅನುಮಾನಿಸಬೇಕಾದ್ದು ಈ ಅಂಟನ್ನೇ.

ಯಾವುದನ್ನು ಬಿಡಬಹುದು

ಪೊಳ್ಳು ಸದ್ದು ಬಂದ ಎಲ್ಲ ಕಡೆ ಕೊಯ್ಯಬೇಕಿಲ್ಲ. ರೆಕ್ಕೆಯ ನಡುವೆ, ಸ್ಪಾರ್‌ನಿಂದ ದೂರ, ನಾಣ್ಯದಷ್ಟು ಅಗಲದ ಜಾಗ ಬಿಟ್ಟಿದ್ದು ಮರುದಿನವೂ ಅಷ್ಟೇ ಇದ್ದರೆ ಹಾಗೇ ಬಿಡಿ. ಕೊಯ್ದರೆ ಗಾಯ ದೊಡ್ಡದಾಗುತ್ತದೆ. ಸ್ಪಾರ್‌ನ ನೇರದಲ್ಲಿ, ಎರಡು ಅರ್ಧಗಳು ಸೇರುವ ನಡುಭಾಗದಲ್ಲಿ, ಏಲೆರಾನ್ ಕೀಲಿನ ಗೆರೆಯಲ್ಲಿ, ಚಕ್ರದ ಕಾಲು ಕೂರುವ ಬ್ಲಾಕಿನ ಸುತ್ತ ಎಷ್ಟೇ ಚಿಕ್ಕದಿದ್ದರೂ ಬಿಡಬೇಡಿ. ರೆಕ್ಕೆ ಮೇಲಕ್ಕೆ ಬಾಗುವಾಗ ಮೇಲಿನ ಹಾಳೆ ಒತ್ತಡಕ್ಕೆ ಸಿಗುತ್ತದೆ. ಬಿಟ್ಟುಕೊಂಡ ತೆಳು ಹಾಳೆ ಒತ್ತಡದಲ್ಲಿ ಸುಲಭವಾಗಿ ಮಡಚಿಕೊಳ್ಳುತ್ತದೆ. ಆದ್ದರಿಂದ ಅದೇ ಅಳತೆಯ ದೋಷ ಕೆಳಗಿನ ಮುಖಕ್ಕಿಂತ ಮೇಲಿನ ಮುಖದಲ್ಲಿ ಹೆಚ್ಚು ಅಪಾಯ.

ದುರಸ್ತಿ ಆದ ಮೇಲೆ ಅಂಟಿನ ಪೂರ್ತಿ ಸಮಯ ಕೊಟ್ಟು, ಫಿಲ್ಮ್ ಹೊದಿಸುವ ಮೊದಲು ಎರಡು ದಿನ ಬಿಡಿ. ಬಳಿಕ ರೆಕ್ಕೆಯ ಬುಡ ಹಿಡಿದು ತುದಿಯನ್ನು ಮೃದುವಾಗಿ ಬಾಗಿಸಿ, ತಿರುಚಿ, ಕಿವಿಗೊಡಿ. ಚಿಟಕ್ ಎಂಬ ಸದ್ದು ಬಂದರೆ ಅದು ಬಂದ ಜಾಗವನ್ನು ಹುಡುಕಿ ಮತ್ತೆ ತಟ್ಟಿ ನೋಡಿ. ಸದ್ದಿಲ್ಲದಿದ್ದರೆ ಬೋರ್ಡಿನ ಮೇಲಿಟ್ಟು ತಿರುಚನ್ನು ಇನ್ನೊಮ್ಮೆ ಅಳೆದು, ಎರಡೂ ತುದಿಯ ಅಳತೆಯನ್ನು ರೆಕ್ಕೆಯ ಬುಡದ ಒಳಗೆ ಪೆನ್ಸಿಲ್‌ನಲ್ಲಿ ಬರೆದಿಡಿ. ಮುಂದೊಂದು ದಿನ ವಿಮಾನ ಒಂದು ಕಡೆ ವಾಲತೊಡಗಿದರೆ ಹೋಲಿಸಿ ನೋಡಲು ಆ ಅಂಕಿ ಬೇಕಾಗುತ್ತದೆ.